ಒಂದೇ ಒಲೆ

“ಕಡ್ಡಿ ಗೀರಬ್ಯಾಡ!”

ಯರ್ರೆಪ್ಪ ಓಡಿ ಬಂದು ಒಲೆಯ ಬಾಯಿಗೆ ಕೋಲು ಅಡ್ಡ ಹಿಡಿದ. ಎಪ್ಪತ್ತು ದಾಟಿದ ಮುದುಕ ಓಡಿದ್ದನ್ನು ನಿರಾಶ್ರಿತರ ಶಿಬಿರದಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಲಕ್ಷ್ಮಿದೇವಿ ಬೆಂಕಿಪೊಟ್ಟಣ ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

“ಹೆಣ ಇನ್ನೂ ಬಾಗಿಲದಾಗ ಐತಿ. ಒಲಿ ಹಚ್ತೀಯಾ?”

“ಬಾಣಂತಿ ನಿನ್ನೆ ಸಂಜಿಂದ ಉಂಡಿಲ್ಲ ಅಜ್ಜ. ಎದ್ಯಾಗ ಹಾಲಿಲ್ಲ, ಕೂಸು ಚೀರಾಕ ಹತ್ತೈತಿ. ನಿನಗ ಕೇಳವಲ್ದೇನು?”

ಕೇಳದೆ ಏನು? ಅರಸೀಕೆರೆಯ ಆಚೆ, ರಸ್ತೆ ಬದಿಯ ಆ ಹಳೆಯ ಹತ್ತಿ ಗೋದಾಮಿನಲ್ಲಿ ಇದ್ದ ಮೂವತ್ತೆಂಟು ಮನೆಯವರಿಗೂ ಕೇಳುತ್ತಿತ್ತು. ಹೆಬ್ಬಾಗಿಲಿನಲ್ಲಿ ದ್ಯಾಮಕ್ಕನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಬೆಳಗಿನ ಜಾವ ಎದೆ ಹಿಡಿದುಕೊಂಡವಳು ಏಳಲೇ ಇಲ್ಲ. ಪಕ್ಕದಲ್ಲಿ ಸೊಸೆ ಭರಮಮ್ಮ ಹದಿನೆಂಟು ದಿನದ ಮಗುವನ್ನು ಒಣಗಿದ ಎದೆಗೆ ಒತ್ತಿಕೊಂಡು ಕೂತಿದ್ದಳು.

ಬೆಳಿಗ್ಗೆಯೇ ಮಣ್ಣಾಗಬೇಕಿತ್ತು. ಆದರೆ ಇವರ ರುದ್ರಭೂಮಿ ಇರುವುದು ಊರಿನಲ್ಲಿ, ಅದರ ದಾರಿ ಮೇಲುಗೇರಿಯ ನಡುವೆ. ಬೋರ್‌ವೆಲ್ ಜಗಳದಲ್ಲಿ ಇವರ ಮನೆಗಳಿಗೆ ಬೆಂಕಿ ಇಟ್ಟವರೂ ಅದೇ ಮೇಲುಗೇರಿಯವರು. ಕುಣಿ ತೋಡಲು ಹೋದವರನ್ನು ಹೊಲದ ಬದುವಿನಲ್ಲೇ ತಡೆದಿದ್ದರು. ದ್ಯಾಮಕ್ಕನ ಮಗ ಹುಲುಗಣ್ಣ ತಾಲ್ಲೂಕು ಕಚೇರಿಯ ಗುಮಾಸ್ತ ಪ್ರವೀಣಕುಮಾರನ ಜೊತೆ ದಾರಿ ಬಿಡಿಸಲು ಪೊಲೀಸ್ ಜೀಪು ಹತ್ತಿ ಹೋಗಿದ್ದ. ನೆತ್ತಿಯ ಮೇಲಿನ ಬಿಸಿಲು ಇಳಿಮುಖವಾದರೂ ಜೀಪಿನ ಸುಳಿವಿರಲಿಲ್ಲ.

“ಸತ್ತ ಮನ್ಯಾಗ ಒಲಿ ಉರೀಬಾರದು,” ಎಂದ ಯರ್ರೆಪ್ಪ. “ಬಾಣಂತಿ ಉಣ್ಣಬಾರದು ಅಂತ ನಾ ಅನ್ನಲ್ಲ. ಹುಡುಗರು, ಬಾಣಂತ್ಯಾರು, ಮುದುಕರು ಉಣ್ಣಲಿ. ನೆರಿಮನಿಯವರು ಬೇಯಿಸಿ ತರಲಿ.”

“ಯಾವ ನೆರಿಮನಿ? ಮೇಲುಗೇರಿಯವರು ತರ್ತಾರೇನು? ನಾನು ಹಚ್ತೀನಿ ಅಂದ್ರ ಕೋಲು ಹಿಡೀತಿ!”

“ನೀನು ನೆರಿಮನ್ಯಾಕಿ ಅಲ್ಲಲ್ಲ! ಎರಡು ತಿಂಗಳಾತು, ಎಲ್ಲಾರೂ ಇದೊಂದ ಒಲಿ ಮ್ಯಾಗ ಉಂಡೀವಿ. ಒಂದ ಒಲಿ ಅಂದ್ರ ಒಂದ ಮನಿ. ನಾವೆಲ್ಲಾ ಸತ್ತ ಮನಿಯವರು.”

ಲಕ್ಷ್ಮಿದೇವಿ ಕಡ್ಡಿಯನ್ನು ಪೊಟ್ಟಣಕ್ಕೆ ಹಾಕಿದಳು. ಸುತ್ತ ನಿಂತವರು ತಲೆ ತಗ್ಗಿಸಿದರು. ಹಸಿದ ಹೊಟ್ಟೆಗೆ ಒಪ್ಪಿಗೆಯಾಗದಿದ್ದರೂ ಮುದುಕನ ಲೆಕ್ಕ ತಪ್ಪಾಗಿರಲಿಲ್ಲ.

*

ಆ ಒಲೆ ಹೂಡಿದವಳೇ ದ್ಯಾಮಕ್ಕ.

ಗೋದಾಮಿಗೆ ಬಂದ ಮೊದಲ ವಾರ ಸರ್ಕಾರದ ಲಾರಿ ಬಂತು, ಅಕ್ಕಿ ಚೀಲಗಳನ್ನು ಉರುಳಿಸಿ ಹೋಯಿತು. ರಟ್ಟೆಯಲ್ಲಿ ಬಲ ಇದ್ದವರಿಗೆ ಎರಡೆರಡು ಚೀಲ ಸಿಕ್ಕವು. ಹಿಂದೆ ಮುಂದೆ ಯಾರೂ ಇಲ್ಲದ ಯರ್ರೆಪ್ಪ ನೆಲದ ಮೇಲೆ ಚೆಲ್ಲಿದ ಕಾಳು ಆರಿಸಿಕೊಂಡ. ಸಿಕ್ಕವರದ್ದೂ ದೊಡ್ಡ ಭಾಗ್ಯವೇನಲ್ಲ. ಸುಟ್ಟ ಮನೆಯಿಂದ ಬಂದವರ ಬಳಿ ಪಾತ್ರೆ ಇರಲಿಲ್ಲ, ಸೌದೆ ಇರಲಿಲ್ಲ.

ಮುಂದಿನ ಲಾರಿ ಬಂದಾಗ ದ್ಯಾಮಕ್ಕ ಅದರ ಮುಂದೆ ಕಾಲು ಚಾಚಿ ಕೂತಳು. ಪ್ರವೀಣಕುಮಾರ ಕೆಳಗಿಳಿದ.

“ಏಳಮ್ಮಾ, ಎಲ್ಲಾರಿಗೂ ಐತಿ.”

ಅವಳು ಸೆರಗಿನ ಗಂಟಿನಿಂದ ಒಂದು ಹಿಡಿ ಅಕ್ಕಿ ತೆಗೆದು ಅವನ ಅಂಗೈಯಲ್ಲಿ ಹಾಕಿದಳು. “ಉಣ್ರಿ.”

“ಹಸೀ ಅಕ್ಕಿ ಹೆಂಗ ಉಣ್ಣಾಕ ಬರ್ತೈತಿ?”

“ಅದನ್ನ ನಾನೂ ಕೇಳಾಕತ್ತೀನ್ರಿ. ನಾವು ರೊಟ್ಟಿ ಉಣ್ಣೋ ಮಂದಿ. ಜ್ವಾಳದ ಹಿಟ್ಟು ಕೊಡ್ರಿ, ಹಂಚು ಕೊಡ್ರಿ, ಕಟಗಿ ಕೊಡ್ರಿ. ಒಂದ ಕಡಿ ಬೇಯಿಸ್ತೀವಿ. ಬಸುರಿ ಬಾಣಂತಿ ಮೊದ್ಲು, ಆಮ್ಯಾಗ ದಿಕ್ಕಿಲ್ಲದ ಮುದುಕರು, ಗಟ್ಟಿ ಇದ್ದವರು ಕಡೀಗೆ.”

“ರೂಲಿನಾಗ ಅಕ್ಕಿ ಅಷ್ಟ ಐತಿ.”

“ರೂಲ್ ಬರದವರು ಹಸೀ ಅಕ್ಕಿ ಉಣ್ತಾರೇನು?”

ಪ್ರವೀಣಕುಮಾರ ನಕ್ಕನೋ, ನಾಚಿದನೋ. ಹೋಗಿ ಯಾರ್‍ಯಾರ ಕಾಲು ಹಿಡಿದನೋ ಗೊತ್ತಿಲ್ಲ, ಹತ್ತು ದಿನದಲ್ಲಿ ಜೋಳದ ಹಿಟ್ಟೂ ರೊಟ್ಟಿ ಬೇಯಿಸುವ ಹಂಚುಗಳೂ ಬಂದವು. ಮೊದಲ ರೊಟ್ಟಿಯನ್ನು ದ್ಯಾಮಕ್ಕ ಬಸುರಿ ಸೊಸೆಗೆ ಕೊಟ್ಟಳು. ಮನೆಯವಳಿಗೇ ಮೊದಲು ಕೊಟ್ಟಳೆಂದು ಗೊಣಗಿದವರು, ಎರಡನೆಯದು ಯರ್ರೆಪ್ಪನ ಕೈಗೆ ಹೋದಾಗ ಸುಮ್ಮನಾದರು.

*

ಮಗುವಿನ ಚೀರಾಟ ನಿಂತಿತು. ಅದು ಚೀರುವುದಕ್ಕಿಂತ ಕೆಟ್ಟದಾಗಿತ್ತು.

ಲಕ್ಷ್ಮಿದೇವಿ ಒಮ್ಮೆ ಭರಮಮ್ಮನ ಕಡೆ ನೋಡಿದಳು. ಸರಸರ ಹೋಗಿ ಮೂರು ಕಲ್ಲು ಎತ್ತಿ ತಂದು ಗೋದಾಮಿನ ಹೊರಗಿದ್ದ ಹುಣಸೆಮರದ ಕೆಳಗೆ ದೊಪ್ಪೆಂದು ಹಾಕಿದಳು.

“ಅಣ್ಣತಮ್ಮಂದಿರು ಬ್ಯಾರೆ ಆಗೋದಿಲ್ಲೇನು? ನಾನೂ ಈಗ ಬ್ಯಾರೆ ಆದೆ. ನನ್ನ ಪಾಲಿನ ಹಿಟ್ಟು ಕೊಡ್ರಿ. ಈಗ ನಾನು ನೆರಿಮನ್ಯಾಕಿ.”

ಗೋದಾಮು ಗುಜುಗುಜು ಎಂದಿತು. ಇನ್ನೊಬ್ಬಳು ಕಲ್ಲಿಗೆ ಕೈ ಹಾಕಿದಳು. “ಹಂಗಾದ್ರ ನಮ್ಮ ಪಾಲೂ ಕೊಡ್ರಿ” ಎಂದು ಒಬ್ಬ ಹಿಟ್ಟಿನ ಚೀಲದ ಕಿವಿ ಹಿಡಿದ. ಮತ್ತೊಬ್ಬ ಇನ್ನೊಂದು ಕಿವಿ ಹಿಡಿದ. ಇಬ್ಬರೂ ರಟ್ಟೆಯಲ್ಲಿ ಬಲ ಇದ್ದವರೇ. ಚೀಲ ಅತ್ತಿತ್ತ ಎಳೆದಾಡಿ ಹೊಲಿಗೆ ಬಿಚ್ಚಿತು, ಹಿಟ್ಟು ನೆಲಕ್ಕೆ ಸುರಿಯಿತು. ಹೆಣದ ಎದುರಿಗೇ ಹೊಡೆದಾಟವಾಗುವುದೊಂದು ಬಾಕಿ.

“ಎಲ್ಲಾರೂ ಬ್ಯಾರೆ ಆದ್ರ,” ಎಂದು ಯರ್ರೆಪ್ಪ ಕೂಗಿದ. “ನಾನು ಯಾರ ಮನಿಯಾಂವ ಯವ್ವಾ?”

ಚೀಲ ಹಿಡಿದ ಕೈಗಳು ನಿಂತವು. ಮುದುಕ ಒಲೆಗೆ ಕೋಲು ಅಡ್ಡ ಹಿಡಿದದ್ದು ಯಾಕೆಂದು ಆಗ ಎಲ್ಲರಿಗೂ ಗೊತ್ತಾಯಿತು. ಗೊತ್ತಾಗಿ ಎಲ್ಲರಿಗೂ ನಾಚಿಕೆಯಾಯಿತು. ಒಬ್ಬ ಚೀಲ ಬಿಟ್ಟ. ಇನ್ನೊಬ್ಬ ಕೂತು ನೆಲದ ಹಿಟ್ಟನ್ನು ಬಳಿಯತೊಡಗಿದ. ಕಲ್ಲಿಗೆ ಕೈ ಹಾಕಿದವಳು ಅದನ್ನು ಅಲ್ಲೇ ಬಿಟ್ಟು ಹಿಂದೆ ಸರಿದಳು.

ಲಕ್ಷ್ಮಿದೇವಿ ಒಬ್ಬಳೇ ಹುಣಸೆಮರದ ಕೆಳಗೆ ಮೂರು ಕಲ್ಲಿನ ಒಲೆ ಹಚ್ಚಿದಳು. ನಾಲ್ಕು ರೊಟ್ಟಿ ಬಡಿದು, ಉಪ್ಪು ಖಾರ ಇಟ್ಟು, ಸೆರಗಿನಿಂದ ಮುಚ್ಚಿಕೊಂಡು ಹೆಬ್ಬಾಗಿಲಿನ ಹೊರಗೇ ನಿಂತಳು. ಅಷ್ಟು ದಿನ ಒಂದೇ ಚಾಪೆಯ ಮೇಲೆ ಮಲಗಿದ್ದವಳು ಪರವೂರಿನವಳಂತೆ ಕೂಗಿದಳು.

“ಮನ್ಯಾಗ ಯಾರದೀರ್ರಿ? ಬುತ್ತಿ ತಂದೀನಿ.”

ಭರಮಮ್ಮ ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಮೊದಲ ತುತ್ತು ನುಂಗಿದಾಗ ಅವಳ ಕಣ್ಣಲ್ಲಿ ನೀರು ಬಂತು. ಒಂದು ರೊಟ್ಟಿ ತಿಂದು, ನೀರು ಕುಡಿದು, ಮಗುವನ್ನು ಮತ್ತೆ ಎದೆಗೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಮಗು ತುಟಿ ಆಡಿಸಿತು. ಆಮೇಲೆ ಅವಳು ತಲೆ ಎತ್ತಿ ನೋಡಿದಳು. ಯರ್ರೆಪ್ಪ ತಣ್ಣಗಿನ ಒಲೆಯ ಪಕ್ಕದಲ್ಲಿ ಒಬ್ಬನೇ ಕುಕ್ಕರಗಾಲಲ್ಲಿ ಕೂತಿದ್ದ.

“ಅಜ್ಜ, ಅಲ್ಯಾಕ ಕುಂತಿ? ಸತ್ತ ಮನಿಯವರು ಇಲ್ಲಿ ಅದೀವಿ. ಬಾ.”

ಅವನು ಎದ್ದು ಬಂದ. ದ್ಯಾಮಕ್ಕನ ಇನ್ನೊಂದು ಮಗ್ಗುಲಿಗೆ ಕೂತ. ಭರಮಮ್ಮ ರೊಟ್ಟಿ ಮುರಿದು ಅವನ ಅಂಗೈಯಲ್ಲಿಟ್ಟಳು.

ಅಷ್ಟರಲ್ಲಿ ಜೀಪು ಬಂತು. ಹುಲುಗಣ್ಣ ಮೈಯೆಲ್ಲ ಧೂಳಾಗಿ ಜಿಗಿದು, “ದಾರಿ ಬಿಟ್ರು, ಲಗೂನ ಎತ್ರಿ, ಮತ್ತ ಮನಸ್ಸು ಬದಲ್ ಮಾಡ್ಯಾರು!” ಎಂದು ಕೂಗಿದ. ಡ್ರೈವರ್ ಹಾರ್ನ್ ಹೊಡೆದ.

ಭರಮಮ್ಮ ಗಂಡನ ಕಡೆ ಕೈ ಎತ್ತಿ ತಡಿ ಎಂಬಂತೆ ಸನ್ನೆ ಮಾಡಿದಳು. ಹೆಗಲು ಕೊಡಲು ಬಂದವರು ನಿಂತಲ್ಲೇ ನಿಂತರು. ಯರ್ರೆಪ್ಪನಿಗೆ ಉಳಿದಿದ್ದವು ಎರಡೇ ಹಲ್ಲು. ಅವನು ಇನ್ನೂ ಅಗಿಯುತ್ತಿದ್ದ.