ಮೊದಲು ಮನುಷ್ಯ, ಆಮೇಲೆ ಮಾಲು

ಮೂರನೇ ಪ್ಯಾರಾದ ನಡುವೆ ಕೆಂಪು ಪೆನ್ನು ನಿಂತುಬಿಟ್ಟಿತು. ಇಪ್ಪತ್ತಾರು ವರ್ಷಗಳಿಂದ ಪತ್ರಿಕೆಯ ಕರಡು ತಿದ್ದುತ್ತ ಬಂದ ಕೈ ಅದು. ಮಂತ್ರಿಯ ಭಾಷಣಕ್ಕೂ ನಿಂತಿರಲಿಲ್ಲ, ಭೂಕಂಪದ ಸುದ್ದಿಗೂ ನಿಂತಿರಲಿಲ್ಲ. ಈಗ ನಿಂತದ್ದು ಒಂದು ವಿಡಿಯೋ ಗೇಮಿನ ವಿಮರ್ಶೆಯ ಮುಂದೆ.

ಭಾನುವಾರದ ಪುರವಣಿ ಆ ಕರಡು ತಿದ್ದುವವನ ಪಾಲಿನ ಕೆಲಸವೇ ಅಲ್ಲ. ಅದನ್ನು ನೋಡುತ್ತಿದ್ದ ಪಕ್ಕದ ಮೇಜಿನಾಕೆ ಹಲ್ಲುನೋವೆಂದು ರಜೆ ಹಾಕಿದ್ದರಿಂದ ಗುರುವಾರ ಮಧ್ಯಾಹ್ನ ಆ ಪುಟಗಳು ಇವನ ಮೇಜಿಗೆ ಬಂದಿದ್ದವು. ಅಂಕಣದ ಹೆಸರು ‘ಈ ವಾರದ ಆಟ’. ಬರೆದವನ ಹೆಸರಿನ ಜಾಗದಲ್ಲಿ ‘ಒಂಟಿ ಸವಾರ’ ಎಂದಿತ್ತು. ಮೊದಲರ್ಧಕ್ಕೆ ‘ಗುಣಗಳು’, ಉಳಿದರ್ಧಕ್ಕೆ ‘ದೋಷಗಳು’ ಎಂಬ ತಲೆಬರಹ.

“ಈ ಆಟದ ಜೀವ ಇರುವುದೇ ಜೊತೆಯಲ್ಲಿ,” ಎಂದು ಒಂಟಿ ಸವಾರ ಬರೆದಿದ್ದ. “ಗುಂಡು ತಗುಲಿ ಕುಸಿದ ಜೊತೆಗಾರನನ್ನು ಹತ್ತು ಎಣಿಸುವುದರೊಳಗೆ ಎಬ್ಬಿಸಬೇಕು. ಅದೇ ಹೊತ್ತಿಗೆ ಸತ್ತ ಶತ್ರುಗಳ ಬಂದೂಕು, ಕವಚಗಳು ನೆಲದ ಮೇಲೆ ಥಳಥಳಿಸುತ್ತಿರುತ್ತವೆ. ಮೊದಲು ಕೈಹಾಕಿದವನಿಗೇ ಅವು. ನಾನು ಪಾಲಿಸಿದ ನಿಯಮ ಒಂದೇ: ಮೊದಲು ಮನುಷ್ಯ, ಆಮೇಲೆ ಮಾಲು.”

ಪೆನ್ನು ನಿಂತದ್ದು ಇಲ್ಲಿ. ಆ ಮಾತು ಪೆನ್ನು ಹಿಡಿದವನದೇ. ಅವನ ಮನೆಯ ನಡುಮನೆಯಲ್ಲಿ, ಹಳೆಯ ಸೋಫಾದ ಮೇಲೆ ಕೂತು ಅವನೇ ಆಡಿದ ಮಾತು. ಕೇಳಿಸಿಕೊಂಡಿದ್ದವನು ಲೋಕದಲ್ಲಿ ಒಬ್ಬನೇ, ಹೆಂಡತಿಯ ತಮ್ಮ. ಬಾಯಿ ತೆರೆದರೆ ಭಾವ, ಭಾವ ಎನ್ನುವವನು. ನಾವೂ ಈ ಮನುಷ್ಯನನ್ನು ಭಾವ ಎಂದೇ ಕರೆಯೋಣ.

ಎರಡೂವರೆ ತಿಂಗಳ ಹಿಂದೆ ಭಾಮೈದ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡು ಅಕ್ಕನ ಮನೆ ಸೇರಿದ. ಅಕ್ಕ ಬೆಳಗ್ಗೆ ಎಂಟಕ್ಕೇ ಆಫೀಸಿಗೆ ಹೊರಡುವವಳು. ಭಾವನ ಪಾಳಿ ಶುರುವಾಗುವುದು ಮಧ್ಯಾಹ್ನ ಎರಡಕ್ಕೆ. ಹೀಗಾಗಿ ಸ್ನಾನದ ಬಕೆಟ್ಟು, ಮಾತ್ರೆ, ಬ್ಯಾಂಡೇಜು ಸುತ್ತಿದ ಕಾಲಡಿಯ ದಿಂಬು ಎಲ್ಲವೂ ಭಾವನ ಪಾಲಿಗೆ ಬಂದವು. ಒಂದು ದಿನ ಭಾಮೈದ ಟೀವಿಗೆ ಅದೇನೋ ಪೆಟ್ಟಿಗೆ ಸಿಕ್ಕಿಸಿ, ಆಟದ ರಿಮೋಟೊಂದನ್ನು ಮುಂದೆ ಚಾಚಿ, “ಭಾವ, ಇದು ಒಬ್ನೇ ಆಡೋ ಆಟ ಅಲ್ಲ. ಬನ್ನಿ, ಹಿಡ್ಕೊಳ್ಳಿ,” ಎಂದ.

“ನಂಗ್ಯಾಕೋ ಈ ವಯಸ್ಸಲ್ಲಿ ಹುಡುಗಾಟ?” ಎಂದು ಭಾವ ಹಿಡಿದುಕೊಂಡ. ಮೊದಲ ವಾರವೆಲ್ಲ ಗೋಡೆಗೇ ಗುಂಡು ಹಾರಿಸಿದ. ಎರಡನೇ ವಾರ ಭಾಮೈದನಿಗೇ ಹಾರಿಸಿದ. ಮೂರನೇ ವಾರ ಭಾಮೈದ ಕುಸಿದಾಗ, ಪಕ್ಕದಲ್ಲೇ ನೇರಳೆ ಬಣ್ಣದ ಅಪರೂಪದ ಬಂದೂಕು ಬಿದ್ದಿದ್ದರೂ, ಅದನ್ನು ದಾಟಿ ಓಡಿಹೋಗಿ ಅವನನ್ನು ಎಬ್ಬಿಸಿದ. “ಬಂದೂಕು ಬಿಟ್ಟು ಬಂದ್ರಲ್ಲ ಭಾವ!” ಎಂದು ಭಾಮೈದ ಬಾಯಿ ಬಾಯಿ ಬಡಿದುಕೊಂಡಾಗ ಭಾವ ಹೇಳಿದ್ದೇ ಆ ಮಾತು. ಅಂದಿನಿಂದ ಅದು ಇಬ್ಬರ ನಡುವಿನ ಕಾನೂನಾಯಿತು. ಐವತ್ತೆರಡನೇ ವಯಸ್ಸಿನಲ್ಲಿ ಯಾರೋ ತನ್ನನ್ನು ಆಟಕ್ಕೆ ಕರೆದರೆಂಬ ಸಂತೋಷ ಭಾವನಿಗೆ ಎಷ್ಟಿತ್ತೆಂದರೆ, ಬಸ್ಸಿನಲ್ಲಿ ಕೂತಾಗಲೂ ಹೆಬ್ಬೆರಳುಗಳು ತಮ್ಮಷ್ಟಕ್ಕೆ ಆಡುತ್ತಿದ್ದವು. ಇನ್ನು ಉಳಿದದ್ದು ಕೊನೆಯ ಕೋಟೆಯೊಂದೇ. ಅದನ್ನು ಈ ಭಾನುವಾರ ಇಬ್ಬರೂ ಸೇರಿಯೇ ಹೊಗುವುದೆಂದು ಮಾತಾಗಿತ್ತು.

ಆದ್ದರಿಂದ ತನ್ನ ಮಾತು ಅಚ್ಚಿಗೆ ಬಂದದ್ದು ಕಂಡು ಭಾವ ಮೊದಲು ಹಿಗ್ಗಿದ. ಕಳ್ಳ, ಹೇಳದೆ ಕೇಳದೆ ಬರೆದಿದ್ದಾನಲ್ಲ, ಎಂದು ನಗುತ್ತಲೇ ‘ದೋಷಗಳು’ ಕಡೆಗೆ ಬಂದ.

“ಜೊತೆಗಾರ ಮಂದನಾದರೆ ಈ ಆಟ ಕತ್ತೆ ಚಾಕರಿ. ನನಗೆ ಸಿಕ್ಕವರು ಐವತ್ತು ದಾಟಿದ ಹಿರಿಯರೊಬ್ಬರು. ಬಾಗಿಲು ಯಾವುದು, ಗೋಡೆ ಯಾವುದು ತಿಳಿಯದು. ಅವರನ್ನು ಎಬ್ಬಿಸುವುದರಲ್ಲೇ ಅರ್ಧ ಆಟ ಮುಗಿಯಿತು. ಮನಸ್ಸು ನೋಯಿಸಬಾರದೆಂದು ಸಹಿಸಿಕೊಂಡೆ. ಕೊನೆಗೆ ಅವರು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಮುಖಪರಿಚಯವೂ ಇಲ್ಲದ ಒಬ್ಬ ಚುರುಕಿನ ಆಟಗಾರನ ಜೊತೆ ಕೊನೆಯ ಕೋಟೆಯನ್ನು ಗೆದ್ದು ಚಿನ್ನದ ಬಂದೂಕು ಪಡೆದೆ. ಹತ್ತಕ್ಕೆ ಆರು ಅಂಕ.”

ಭಾವ ಅದನ್ನು ಎರಡು ಸಲ ಓದಿದ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ಮಂದ ಎಂದದ್ದಕ್ಕೆ ಅವನಿಗೆ ಅಷ್ಟೇನೂ ನೋವಾಗಲಿಲ್ಲ, ಮಂದ ಹೌದು. ಆದರೆ ಸಹಿಸಿಕೊಂಡೆ ಎಂಬ ಪದ ಎದೆಗೆ ನಾಟಿತು. ದಿನಾ ಹನ್ನೊಂದು ಗಂಟೆಗೆ ಆ ಸೋಫಾದ ಮೇಲೆ ಸಂತೋಷವಾಗಿದ್ದವನು ತಾನೊಬ್ಬನೇ ಎಂದಾಯಿತಲ್ಲ! ಪುಟಕ್ಕೆ ಅಡ್ಡಗೆರೆ ಎಳೆದುಬಿಡೋಣವೆನಿಸಿತು. ಆದರೆ ತಪ್ಪನ್ನು ತಿದ್ದಬಹುದೇ ಹೊರತು ಬರೆದವನ ಅಭಿಪ್ರಾಯವನ್ನು ಮುಟ್ಟಬಾರದೆಂಬುದು ಅವನ ಕಸುಬಿನ ಶಿಸ್ತು. ಭಾಮೈದನ ಬರಹದಲ್ಲಿ ಮೂವತ್ತೊಂದು ತಪ್ಪುಗಳಿದ್ದವು. ಒಂದೊಂದನ್ನೂ ತಿದ್ದಿ, ಪುಟದ ಮೂಲೆಯಲ್ಲಿ ಸಹಿ ಹಾಕಿ ಕಳಿಸಿದ.

ಶುಕ್ರವಾರ ಹೇಳುತ್ತಾನೆಂದು ಕಾದ. ಶನಿವಾರವಾದರೂ ಹೇಳುತ್ತಾನೆಂದು ಕಾದ. ಹೇಳಿದ್ದರೆ ಬೈದು, ನಕ್ಕು, ಮುಗಿಸಿಬಿಡುತ್ತಿದ್ದನೇನೋ. ಭಾಮೈದ ಹೇಳಲಿಲ್ಲ.

ಭಾನುವಾರ ಬೆಳಗ್ಗೆ ಹೆಂಡತಿ ಪೇಪರು ಮಗುಚಿ ಹಾಕುತ್ತ, “ಇವತ್ತು ಪುರವಣಿನೇ ಹಾಕಿಲ್ವಲ್ರೀ ಪೇಪರಿನವನು,” ಎಂದಳು.

“ಮರೆತಿರ್ತಾನೆ ಬಿಡೇ ಅಕ್ಕ,” ಎಂದು ಭಾಮೈದ ಸೋಫಾದಿಂದಲೇ ಉತ್ತರಿಸಿದ. ಅವಳು ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದಳು. ಭಾವ ಎಂದಿನಂತೆ ಭಾಮೈದನ ಕಾಲಡಿಯ ದಿಂಬು ಸರಿಪಡಿಸಲು ಬಗ್ಗಿದಾಗ ಅದರ ಕೆಳಗೆ ಬಣ್ಣದ ಕಾಗದದ ಮೂಲೆಯೊಂದು ಕಂಡಿತು. ಅವನು ಪಕ್ಕದಲ್ಲಿ ಕೂತು ಆಟದ ರಿಮೋಟು ಕೈಗೆತ್ತಿಕೊಂಡ.

ಪರದೆಯ ಮೇಲೆ ಕೊನೆಯ ಕೋಟೆಯ ಬಾಗಿಲು ತೆರೆಯಿತು.

“ಒಳಗೆ ಏನೇನಿದ್ಯೋ ಗೊತ್ತಿಲ್ಲ, ಹುಷಾರು ಭಾವ.”

“ನೀನು ಮೊದ್ಲೇ ಹೋಗಿಲ್ವೇನೋ?”

“ಅಯ್ಯೋ, ನಿಮ್ಮನ್ನ ಬಿಟ್ಟಾ? ನಿಮ್ಮಾಣೆಗೂ ಇಲ್ಲ ಭಾವ.”

ಇಬ್ಬರೂ ಒಳಹೊಕ್ಕರು. ಮೆಟ್ಟಿಲ ತಿರುವಿನಲ್ಲಿ, ಶತ್ರು ಇನ್ನೂ ಕಾಣಿಸದಿರುವಾಗಲೇ, ಭಾಮೈದ ಎಡಕ್ಕೆ ಗುಂಡು ಹಾರಿಸಿದ. ಗುಟ್ಟು ರಟ್ಟಾಗುತ್ತದೆಂದು ತನಗೇ ಹೊಳೆದಿರಬೇಕು. ಮುಂದಿನ ಕೋಣೆಯಲ್ಲಿ ಬೇಕೆಂದೇ ತಡಮಾಡಿದ, ತಡಮಾಡಿದ್ದಕ್ಕೇ ಗುಂಡು ತಿಂದು ಕುಸಿದ.

“ಭಾವ! ಎಬ್ಬಿಸಿ, ಎಬ್ಬಿಸಿ!”

ಪರದೆಯ ಮೂಲೆಯಲ್ಲಿ ಹತ್ತು, ಒಂಬತ್ತು, ಎಂಟು ಎಂದು ಅಂಕಿ ಇಳಿಯತೊಡಗಿತು. ಭಾವನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಏಳು. ಆರು. ಆರಕ್ಕೆ, ಒಂಟಿ ಸವಾರ ಕೊಟ್ಟ ಅಂಕ ನೆನಪಾಗಿ, ಅವನಿಗೆ ನಗು ಬರುವಂತಾಯಿತು. ಮೂರಕ್ಕೆ ಬಂದಾಗ ಗುಂಡಿ ಒತ್ತಿ ಎಬ್ಬಿಸಿದ. ಉಳಿದ ಶತ್ರುವನ್ನೂ ಅವನೇ ಉರುಳಿಸಿದ, ಒಂದು ಗುಂಡೂ ಗೋಡೆಗೆ ಬೀಳಲಿಲ್ಲ.

ಕೋಣೆಯ ನಡುವೆ ಚಿನ್ನದ ಬಂದೂಕು ಬಂದು ಬಿತ್ತು.

“ತಗೊಳ್ಳಿ ಭಾವ, ಅದು ನಿಮ್ಗೇ,” ಎಂದ ಭಾಮೈದ, ದೊಡ್ಡ ಮನಸ್ಸಿನಿಂದ. “ನೀವಿಲ್ದಿದ್ರೆ ನನ್ನ ಕತೆ ಇಲ್ಲೇ ಮುಗೀತಿತ್ತು.”

ಭಾವ ರಿಮೋಟು ಕೆಳಗಿಟ್ಟ. ಬಗ್ಗಿ, ಮುರಿದ ಕಾಲನ್ನು ಒಂದು ಕೈಯಲ್ಲಿ ನೋವಾಗದಂತೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ದಿಂಬಿನಡಿಯ ಪುರವಣಿಯನ್ನು ಎಳೆದುಕೊಂಡ. ದಿಂಬು ಸರಿಮಾಡಿ ಕಾಲನ್ನು ಮೆಲ್ಲಗೆ ಅದರ ಮೇಲಿಟ್ಟ. ಪುಟದ ಸುಕ್ಕುಗಳನ್ನು ಅಂಗೈಯಿಂದ ನೇವರಿಸಿ ಭಾಮೈದನ ತೊಡೆಯ ಮೇಲೆ ಹರವಿದ.

“ಮೂವತ್ತೊಂದು ತಪ್ಪಿತ್ತು ಕಣೋ,” ಎಂದ. “ಎಲ್ಲಾ ತಿದ್ದಿದೀನಿ.”

ಭಾಮೈದ ತಲೆಯೆತ್ತಲಿಲ್ಲ. ಹಿತ್ತಿಲಲ್ಲಿ ಹೆಂಡತಿ ಬಟ್ಟೆ ಕುಕ್ಕುವ ಸದ್ದು ಕೇಳುತ್ತಿತ್ತು. ಪರದೆಯ ಮೇಲೆ ಇಬ್ಬರು ಸಿಪಾಯಿಗಳು ಎದುರುಬದುರು ನಿಂತಿದ್ದರು. ನಡುವೆ ಬಂದೂಕು ಬಿದ್ದಲ್ಲೇ ಹೊಳೆಯುತ್ತಿತ್ತು.