ರೊಕಿಯಾ ಕೇಳಿಸಿಕೊಂಡದ್ದು

ಜುರೈನಿಯ ಕೆಲಸವೇ ಜನರ ಕಿವಿ ಪರೀಕ್ಷಿಸುವುದು. ಎರಡು ಮೂರು ಭಾಷೆ ಆಡುವವರು ತಮಗೆ ಬಾರದ ಭಾಷೆಯ ಉಲಿಗಳನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂದು ಅವಳು ಪಿನಾಂಗಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅದಕ್ಕೆ ಆರಿಸಿಕೊಂಡದ್ದು ಹಕ್ಕಾ ಚೀನೀಯರ ಮಾತು. ಅದರಲ್ಲಿ ಒಂದೇ ಪದವನ್ನು ದನಿ ಏರಿಸಿ ಅಂದರೆ ಒಂದರ್ಥ, ಇಳಿಸಿ ಅಂದರೆ ಬೇರೆಯೇ ಅರ್ಥ. ಮಲಯ್ ಮಾತಿನಲ್ಲಿ ಈ ಏರಿಳಿತದ ಗೊಡವೆಯಿಲ್ಲ. ಹಾಗಾಗಿ ಪರೀಕ್ಷೆಗೆ ಬಂದ ಮಲಯ್ ಜನ ತಲೆ ಕೆರೆದುಕೊಂಡು, ಬಾಯಿಗೆ ಬಂದದ್ದು ಹೇಳಿ ಎದ್ದು ಹೋಗುತ್ತಿದ್ದರು.

ಒಂದು ದಿನ ಪರೀಕ್ಷೆಗೆ ಬರಬೇಕಿದ್ದ ಹೆಂಗಸು ಕೈಕೊಟ್ಟಳು. ಕಣ್ಣು ತೋರಿಸಲೆಂದು ಪೆರ್ಲಿಸ್‌ನ ಹಳ್ಳಿಯಿಂದ ಬಂದಿದ್ದ ಜುರೈನಿಯ ತಾಯಿ ರೊಕಿಯಾ ಹೊರಗೆ ಬೆಂಚಿನ ಮೇಲೆ ಬಾಳೆಹಣ್ಣಿನ ಬಜ್ಜಿ ತಿನ್ನುತ್ತ ಕೂತಿದ್ದಳು.

"ಮಾಕ್, ಸ್ವಲ್ಪ ಒಳಗೆ ಬಾ. ನನಗೊಂದು ಸಹಾಯ ಮಾಡು," ಎಂದು ಜುರೈನಿ ಅಮ್ಮನನ್ನು ಕರೆದಳು.

"ಕಣ್ಣಿಗೆ ಔಷಧಿ ಬಿಟ್ಟಿದಾರೆ, ಓದೋಕಾಗಲ್ಲ ಕಣೇ."

"ಓದೋದೇನಿಲ್ಲ. ಎರಡು ಶಬ್ದ ಕೇಳುತ್ತೆ. ಎರಡೂ ಒಂದೇನಾ, ಬೇರೆನಾ ಹೇಳು, ಸಾಕು."

ರೊಕಿಯಾ ಎಣ್ಣೆಗೈ ಒರೆಸಿಕೊಂಡು ಕಿವಿಗೆ ಯಂತ್ರ ಹಾಕಿಕೊಂಡಳು. ಒಂದೇ, ಬೇರೆ, ಬೇರೆ, ಒಂದೇ. ಎಲ್ಲೂ ತಡವರಿಸಲಿಲ್ಲ. ಪರದೆಯ ಮೇಲೆ ಫಲಿತಾಂಶ ಬಂದಾಗ ಜುರೈನಿ ಹುಬ್ಬು ಗಂಟಿಕ್ಕಿದಳು. ಒಂದೂ ತಪ್ಪಿರಲಿಲ್ಲ.

"ಯಂತ್ರ ಕೆಟ್ಟಿರಬೇಕು," ಎಂದು ಗೆಳತಿ ನ್ಯುಕ್ ಲಾನ್‌ಳನ್ನು ಕರೆದಳು. ಅವಳು ಹಕ್ಕಾ ಮನೆಯ ಹುಡುಗಿ. ಧ್ವನಿಮುದ್ರಣದಲ್ಲಿದ್ದುದು ಅವಳದೇ ದನಿ. ನ್ಯುಕ್ ಲಾನ್ ಬಾಯಿಗೆ ಹಾಳೆ ಮರೆಮಾಡಿಕೊಂಡು ತಾನೇ ಪದಗಳನ್ನು ಹೇಳಿದಳು. ರೊಕಿಯಾ ಮತ್ತೆ ಎಲ್ಲವನ್ನೂ ಸರಿಯಾಗಿ ಹೇಳಿದಳು.

"ಇದಕ್ಕೆ ಇಷ್ಟೊಂದು ಓದಬೇಕಿತ್ತಾ ನೀವು? ಕಾಗೆ ಯಾವುದು ಕೋಗಿಲೆ ಯಾವುದು ಅಂತ ಕಿವಿಗೆ ಗೊತ್ತಾಗಲ್ವಾ?"

"ಮಾಕ್ ಚಿಕ್," ಎಂದು ಚಿಕ್ಕಮ್ಮನನ್ನು ಕರೆಯುವಂತೆ ಕರೆದು ನ್ಯುಕ್ ಲಾನ್ ಕೇಳಿದಳು, "ನಿಮ್ಮೂರಲ್ಲಿ ಹಕ್ಕಾದವರು ಇದಾರಾ?"

"ನಮ್ಮದು ಬರೀ ಗದ್ದೆ ಬಯಲು ಕಣಮ್ಮ. ಚೀನೀಯರ ಒಂದು ಮನೇನೂ ಇಲ್ಲ."

ನ್ಯುಕ್ ಲಾನ್‌ಗೆ ಏನನ್ನಿಸಿತೋ, ಹಾಳೆ ಕೆಳಗಿಟ್ಟು, ತನ್ನ ಮಾತಿನಲ್ಲಿ ಮಗುವನ್ನು ಕೇಳುವಂತೆ ಮೆಲ್ಲಗೆ ಕೇಳಿದಳು: "ಸಿತ್ ಫಾನ್ ಮಾಂಗ್?" ಊಟ ಆಯಿತಾ?

"ತೂ ಕಿ," ಎಂದಳು ರೊಕಿಯಾ.

ಹಸಿವು, ಎಂದಿದ್ದಳು. ದನಿ ಹಣ್ಣು ಮುದುಕಿಯದು, ರಾಗ ಎಳೆಮಗುವಿನದು. ರೊಕಿಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಯಾರು ಹೇಳಿದ್ದು ಅದನ್ನ? ನಾನಾ?"

ಉತ್ತರ ಕೊಡಬಲ್ಲವನು ಒಬ್ಬನೇ ಇದ್ದ: ರೊಕಿಯಾಳ ಅಣ್ಣ ಪಾಕ್ ಲಾಂಗ್. ಜುರೈನಿ ಫೋನು ಮಾಡಿದಾಗ ಅವನು, "ಅಮ್ಮನ್ನ ಕರ್ಕೊಂಡು ಬಾ. ಫೋನಲ್ಲಿ ಆಡೋ ಮಾತಲ್ಲ," ಎಂದ.

ಮರುದಿನ ತಾಯಿ ಮಗಳು ಹಳ್ಳಿಗೆ ಹೋದರು. ಪಾಕ್ ಲಾಂಗ್ ಜಗಲಿಯಲ್ಲೇ ಕಾದಿದ್ದ. ತಂಗಿ ಕೂರುವ ಮೊದಲೇ ಹೇಳಿಬಿಟ್ಟ.

"ನೀನು ನಮ್ಮವ್ವನ ಹೊಟ್ಟೇಲಿ ಹುಟ್ಟಿದವಳಲ್ಲ, ರೊಕಿಯಾ. ತವರದ ಗಣಿ ಹತ್ರ ತರಕಾರಿ ಬೆಳೀತಿದ್ದ ಚೀನೀಯ ಒಬ್ಬನ ಹೆಂಡ್ತಿ ಎರಡನೇ ಹೆರಿಗೇಲಿ ಕೂಸಿನ ಸಮೇತ ತೀರಿಹೋದ್ಲು. ಸೂಲಗಿತ್ತಿ ನಮ್ಮವ್ವನೇ. ಅವರ ಮೊದಲ ಮಗು ನೀನು, ಆಗಿನ್ನೂ ಮಾತು ಕಲೀತಿದ್ದೆ. ಎರಡು ಹೊತ್ತು ಅನ್ನ ಹಾಕೋಕಾಗಲ್ಲ, ಇಟ್ಕೊಳ್ಳಿ ಅಂತ ತಂದುಕೊಟ್ಟ. ಹೇಳಬಾರದು ಅಂತ ಅವ್ವ ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ಲು."

"ಸುಳ್ಳು."

"ಅವನನ್ನ ನೀನು ನೋಡಿದೀಯ. ಸಾಯೋವರೆಗೂ ಸೈಕಲ್ ಮೇಲೆ ಸೌತೆಕಾಯಿ ಮಾರೋಕೆ ಬರ್ತಿದ್ನಲ್ಲ."

ಜುರೈನಿ ತಾಯಿಯ ಮುಖ ನೋಡಿ ಬೆದರಿದಳು.

ಸೌತೆಕಾಯಿಯವನನ್ನು ಆಗ ಊರಿನ ಮಕ್ಕಳೆಲ್ಲ ಬಲ್ಲವರಾಗಿದ್ದರು. ಅವನಿಗೆ ರಕಾರ ಹೊರಳುತ್ತಿರಲಿಲ್ಲ. ಬೇಲಿಯಾಚೆ ಸೈಕಲ್ ನಿಲ್ಲಿಸಿ, "ಲೊಕಿಯಾ! ಲೊಕಿಯಾ ಇದಾಳಾ?" ಎಂದು ಕೂಗುತ್ತಿದ್ದ. ಮಕ್ಕಳು ಗುಂಪುಗಟ್ಟಿ ಅವನ ಹಿಂದೆ ಓಡುತ್ತಿದ್ದರು. ಎಲ್ಲರಿಗಿಂತ ಮುಂದೆ ರೊಕಿಯಾ.

"ನಾನು ಅಣಕಿಸ್ತಿದ್ದೆ," ಎಂದಳು ರೊಕಿಯಾ. "ಹೆಸರು ಹೇಳೋಕೂ ನಾಲಿಗೆ ತಿರುಗಲ್ವೇನೋ ಮುದುಕಾ, ನಾಲಿಗೇನ ಸೌತೆಕಾಯಿ ಜೊತೆ ಮಾರಿಬಿಟ್ಯಾ ಅಂತ. ಅವನೆದುರಿಗೇ ಅಂದಿದ್ದೆ. ಎಷ್ಟು ಸಲ ಅಂದಿದೀನೋ! ಅಣ್ಣಾ, ನೀನು ಅಲ್ಲೇ ನಿಂತಿರ್ತಿದ್ದೆ."

"ನಿಂತಿರ್ತಿದ್ದೆ."

"ಒಂದು ಏಟು ಹಾಕಿ ಬಾಯಿ ಮುಚ್ಚಿಸಬಾರದಿತ್ತಾ ನನಗೆ?"

"ಹಾಕೋಕೆ ಬಂದೆ ಒಂದ್ಸಲ. ಅವನೇ ಕೈ ಹಿಡ್ಕೊಂಡ. 'ಅನ್ನಲಿ ಬಿಡಪ್ಪ, ನನ್ನ ಹತ್ರ ಮಾತಾಡ್ತಾಳಲ್ಲ' ಅಂದ."

ರೊಕಿಯಾ ಜಗಲಿಯ ಕಂಬ ಹಿಡಿದು ಕೂತಳು. ಅಳು ಬರಲಿಲ್ಲ. ಜುರೈನಿ ಕೊಟ್ಟ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಇಷ್ಟು ವರ್ಷ ಅವರಿವರ ಕಿವಿ ಪರೀಕ್ಷಿಸಿದವಳಿಗೆ ತನ್ನ ತಾಯಿಯ ಕಿವಿಯೊಳಗೆ ಒಬ್ಬ ಅಪ್ಪ, ಒಂದು ಮನೆ, ಒಂದು ಹಸಿವು ಹೂತುಹೋಗಿದ್ದುದು ಗೊತ್ತೇ ಇರಲಿಲ್ಲ.

"ಅವನನ್ನ ಎಲ್ಲಿ ಮಣ್ಣು ಮಾಡಿದಾರೆ?" ಕೊನೆಗೆ ರೊಕಿಯಾ ಕೇಳಿದಳು.

"ಗಣಿ ಹಿಂದಿನ ಗುಡ್ಡದಲ್ಲಿ. ನಾನು ತೋರಿಸ್ತೀನಿ."

"ನಿನ್ನ ಜೊತೆ ಬರಲ್ಲ. ನಿನ್ನ ಮುಖ ನೋಡೋಕೆ ಇವತ್ತು ನನ್ನಿಂದ ಆಗಲ್ಲ." ಮಗಳ ಕಡೆ ತಿರುಗಿದಳು. "ಆ ಹುಡುಗಿಗೆ ಫೋನು ಹಚ್ಚು. ಅಪ್ಪನ್ನ ಏನಂತ ಕರೀತಾರೆ ಕೇಳು."

ಜುರೈನಿ ಫೋನು ಹಚ್ಚಿ ತಾಯಿಯ ಕಿವಿಗೆ ಹಿಡಿದಳು. ನ್ಯುಕ್ ಲಾನ್ ಎರಡು ಸಲ ಹೇಳಿದಳು: "ಆ-ಪಾ." ರೊಕಿಯಾಳ ತುಟಿ ಅಲುಗಿತು. ಬರೀ ಉಸಿರು ಬಂತು, ದನಿ ಬರಲಿಲ್ಲ.

"ಇನ್ನೊಂದ್ಸಲ ಹೇಳಮ್ಮ," ಎಂದು ಅವಳು ಮಲಯ್‌ನಲ್ಲಿ ಬೇಡಿಕೊಂಡಳು.