ಐದು ಕುಣಿಯ ಶುದ್ಧ ಭೂಮಿ

ಕ್ರೋಮ್ ಲೇಪನದ ಕಾರ್ಖಾನೆ ಮುಚ್ಚಿ ಒಂಬತ್ತು ವರ್ಷವಾದರೂ ಪುಣೆಯ ಬಿಬವೇವಾಡಿಯ ಆ ಜಾಗದಲ್ಲಿ ನಿಂತ ಮಳೆನೀರು ಅರಿಸಿನ ಬಣ್ಣಕ್ಕೆ ತಿರುಗುತ್ತಿತ್ತು. ೨೦೦೩ರಲ್ಲಿ ನಗರಾಡಳಿತಕ್ಕೆ ಕರುಣೆ ಬಂತು. ಇಂಥ ಕೆಟ್ಟ ಜಮೀನನ್ನು ಶುದ್ಧ ಮಾಡಿ ಮನೆ ಕಟ್ಟುವ ಬಿಲ್ಡರನಿಗೆ ಅರ್ಧ ಖರ್ಚು ಕೊಡುವುದು, ಮೇಲೆ ಎರಡು ಮಹಡಿ ಹೆಚ್ಚಿಗೆ ಕಟ್ಟಲು ಬಿಡುವುದು ಎಂದು ಯೋಜನೆ ಹೊರಟಿತು. ಮಣ್ಣು ಶುದ್ಧವಾಗಿದೆ ಎಂದು ಸಹಿ ಹಾಕುವ ಕೆಲಸ ಪ್ರಯೋಗಾಲಯದ ಹೊಳಬಸಪ್ಪನ ಪಾಲಿಗೆ ಬಂತು.

ಗೋಕಾಕದಿಂದ ಬಂದು ಇಪ್ಪತ್ತೆರಡು ವರ್ಷ ಪುಣೆಯ ಮಣ್ಣು, ನೀರು ಪರೀಕ್ಷಿಸಿದ್ದ ಅವನಿಗೆ ನಿಯಮವೆಂದರೆ ನಿಯಮ. ಐದು ಕಡೆ ಅಗೆಯಬೇಕು. ಎಲ್ಲೆಲ್ಲಿ ಅಗೆಯುತ್ತೇವೆಂದು ಬಾವುಟ ನೆಟ್ಟು, ಮಾಲೀಕನಿಗೆ ಎಂಟು ದಿನ ಮೊದಲೇ ನೋಟಿಸು ಕೊಡಬೇಕು. ದಾಳಿಯ ವೇಳೆಯನ್ನು ಕಳ್ಳನಿಗೇ ತಿಳಿಸಿದಂತಾಯಿತಲ್ಲ ಎಂದು ಯಾರೂ ಕೇಳಿರಲಿಲ್ಲ.

ಈ ಸಲ ಮಾತ್ರ ಅವನಿಗೆ ಅಳುಕು. ಅಕ್ಕ ಶಿವಗಂಗವ್ವ ಅಲ್ಲೇ ಏಳಲಿದ್ದ ಕಟ್ಟಡದಲ್ಲಿ ಮುಂಗಡ ಕೊಟ್ಟು ನೆಲಮಹಡಿಯ ಮನೆ ಹಿಡಿದಿದ್ದಳು. ಭಾವ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಿಂದ ನಿವೃತ್ತನಾಗುವವನಿದ್ದ, ಕ್ವಾರ್ಟರ್ಸ್ ಬಿಡಬೇಕಿತ್ತು.

ಎಂಟನೆಯ ದಿನ ಹೋಗಿ ನೋಡಿದರೆ ಐದೂ ಬಾವುಟಗಳ ಬುಡದಲ್ಲಿ ಕುಂಕುಮ, ಒಡೆದ ತೆಂಗಿನಕಾಯಿ. ಬಿಲ್ಡರ್ ಏಕನಾಥ ಒಂದರ ಬದಲು ಐದು ಭೂಮಿಪೂಜೆ ಮಾಡಿಸಿದ್ದ. ಹಳದಿ ಮಣ್ಣಿಗೆ ದೇವರು ಒಲಿಯುವುದಿಲ್ಲವೆಂದು ಪ್ರತಿ ಕುಣಿಯನ್ನೂ ಎದೆಮಟ್ಟ ಅಗೆಸಿ, ತನ್ನ ಕಬ್ಬಿನ ಹೊಲದ ಕರಿಮಣ್ಣು ತುಂಬಿಸಿದ್ದ.

ವಿಭಾಗದ ಮುಖ್ಯಸ್ಥ, ಧಾರವಾಡದ ಕಾಶಪ್ಪ, ಕೊಡೆ ಹಿಡಿದು ನಿಂತಿದ್ದರು.

“ಸಾಹೇಬ್ರ, ಇದು ಹೊರಗಿಂದ ತಂದ ಮಣ್ಣ ರೀ. ಬಾಜೂಕ ಅಗೀಲೇನ್ರಿ?”

“ಬಾವುಟ ಎಲ್ಲಿ ಅದ?”

“ಇಲ್ಲೇ ಅದ ರೀ.”

“ಮತ್ತ? ನಿಯಮ ಬರದವ್ರು ನಿನಗಿಂತ ಶಾಣ್ಯಾ ಇದ್ರು. ಪೂಜಿ ಆದ ಮಣ್ಣಿಗೆ ವಿಷ ಅಂತೀಯೇನ್? ಪಾಪ ಹತ್ತೀತು ನೋಡಪಾ!”

ಏಕನಾಥ ಪೇಢೆಯ ಡಬ್ಬಿ ಮುಂದೆ ಹಿಡಿದ.

ಐದೂ ಮಾದರಿಗಳಲ್ಲಿ ಕ್ರೋಮಿಯಂ ಮಿತಿಗಿಂತ ಎಷ್ಟೋ ಕಡಿಮೆಯಿತ್ತು. ಕಬ್ಬು ಬೆಳೆಯಲು ಯೋಗ್ಯವಾದ ಮಣ್ಣು. ವರದಿಯಲ್ಲಿ ಒಂದಂಕಿಯೂ ಸುಳ್ಳಿರಲಿಲ್ಲ. ಹೊಳಬಸಪ್ಪ ಸಹಿ ಹಾಕಿದ. ಯೋಜನೆಯ ನೆರವು ಅದೇ ವಾರ ಮಂಜೂರಾಯಿತು.

ಭಾನುವಾರ ಅವನು ಖಡಕಿಗೆ ಹೋದ.

“ಅಕ್ಕಾ, ಆ ಮನಿ ಬ್ಯಾಡ. ಮಣ್ಣಾಗ ವಿಷ ಅದ.”

ಶಿವಗಂಗವ್ವ ಒಳಗಿನಿಂದ ಬಿಲ್ಡರನ ಕರಪತ್ರ ತಂದಳು. ವರದಿ ಬಣ್ಣದಲ್ಲಿ ಅಚ್ಚಾಗಿತ್ತು.

“ಇದು ಯಾರ ಸಹಿನೋ?”

“ನಂದ. ಅದು ಐದು ಕುಣೀದಷ್ಟ, ಅಕ್ಕಾ.”

“ಹಂಗಾರ ಉಳದದ್ದು ವಿಷ ಅಂತ ಬರದು ಕೊಡು.”

“ಬರದು ಕೊಡಾಕ ಆಗೂದಿಲ್ಲ. ನೌಕರಿ ಹೋಗ್ತದ. ಬಾಯಿಲೆ ಹೇಳಾಕತ್ತೀನಲ್ಲ, ನಂಬು.”

“ನಂಬಿದೆ. ಬಿಟ್ಟೆ ಆ ಮನಿ, ಬಾಡಿಗಿ ಮನ್ಯಾಗ ಇರ್ತೀವಿ ತಗೋ.” ಕರಪತ್ರವನ್ನು ಅವನ ತೊಡೆಯ ಮೇಲಿಟ್ಟಳು. “ಆದ್ರ ತಮ್ಮಾ, ಅಕ್ಕಗ ಬಾಯಿಲೆ ಖರೆ, ಉಳದ ನಲವತ್ತು ಮನಿಯವ್ರಿಗೆ ಸಹಿ ಹಾಕಿ ಸುಳ್ಳ?”

“ಸುಳ್ಳಲ್ಲಕ್ಕಾ, ನಿಯಮದ ಪ್ರಕಾರ…”

“ಹೌದೇನು? ಹಂಗಾರ ನಾ ಬಿಟ್ಟ ಮನಿ ನೀನ ಹಿಡಿ. ಹೆಂಡ್ತಿ ಮಕ್ಕಳನ ಕರಕೊಂಡು ಹೋಗಿ ಇರು.”

ಹೊಳಬಸಪ್ಪ ಎದ್ದು ಬಾಗಿಲ ಬಳಿ ಚಪ್ಪಲಿ ಹುಡುಕತೊಡಗಿದ.